ಚೆಂಡು ಮುಟ್ಟದ ಆಟಗಾರ

ಶಿಕಾಗೊ
14 ಸೆಪ್ಟೆಂಬರ್ 1954

ಪ್ರೀತಿಯ ಪರಾಸ್ಕಕ್ಕ,

ಫುಟ್‌ಬಾಲ್ ತಂಡದಲ್ಲಿ ಉಳಿದೆ. ಅಪ್ಪನಿಗೆ ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದನ್ನು ಓದು.

ಶಿಬಿರದಲ್ಲಿ ಬೆಳಗ್ಗೆ ತಿಂಡಿಗೆ ಕೂತಾಗ ಒಬ್ಬ ಮನುಷ್ಯ ಮೇಜುಗಳ ನಡುವೆ ಓಡಾಡುತ್ತಾನೆ. ಯಾರದಾದರೂ ಭುಜ ತಟ್ಟಿ "ಕೋಚ್ ಕರೀತಿದಾರೆ" ಅನ್ನುತ್ತಾನೆ. ಅಷ್ಟೇ, ಅವನು ಪೆಟ್ಟಿಗೆ ಕಟ್ಟಿದ ಹಾಗೆ. ನನ್ನ ಮೇಜಿನ ಹತ್ತಿರ ಬಂದಾಗಲೆಲ್ಲ ನಾನು ಅಗಿಯುವುದನ್ನೇ ನಿಲ್ಲಿಸುತ್ತಿದ್ದೆ. ಹೋದ ವಾರದಿಂದ ಅವನು ಬರುವುದು ನಿಂತಿದೆ.

ಗಾರ್ಡ್ ಅಂದರೆ ಏನು ಮಾಡುವವನು ಎಂದು ನೀನು ಕೇಳಿದ್ದೆ. ಮುಂದಿನ ಸಾಲಿನಲ್ಲಿ, ಚೆಂಡನ್ನು ಕಾಲಸಂದಿಯಿಂದ ಹಿಂದಕ್ಕೆ ಕೊಡುತ್ತಾನಲ್ಲ, ಅವನ ಪಕ್ಕದಲ್ಲಿ ನಾನು ಕೈಯೂರಿ ಬಗ್ಗಿ ನಿಲ್ಲುತ್ತೇನೆ. ಎದುರಿಗೆ ನನಗಿಂತ ದೊಡ್ಡವನೊಬ್ಬ. ಚೆಂಡು ಹಿಂದೆ ಹೋದ ಕೂಡಲೇ ಅವನನ್ನು ದಾರಿಯಿಂದ ತಳ್ಳಬೇಕು. ಆ ಸಂದಿಯಲ್ಲಿ ನಮ್ಮವನೊಬ್ಬ ಚೆಂಡು ಹಿಡಿದು ಓಡುತ್ತಾನೆ, ಜನ ಎದ್ದು ಕುಣಿಯುತ್ತಾರೆ. ಆ ಹೊತ್ತಿಗೆ ನಾನು ಯಾರದೋ ಹೊಟ್ಟೆಯಡಿಯಲ್ಲಿ ಮಲಗಿರುತ್ತೇನೆ. ಕಾಲೇಜಿನ ಅಷ್ಟೂ ವರ್ಷಗಳಲ್ಲಿ ಚೆಂಡು ಮುಟ್ಟಿದ್ದು ಒಂದೇ ಸಲ. ಅದೂ ಯಾರೋ ಕೈಬಿಟ್ಟದ್ದು ನನ್ನ ಮೇಲೆ ಬಂದು ಬಿತ್ತು.

ಅಪ್ಪನ ಕೆಮ್ಮು ಹೇಗಿದೆ? ಇಲ್ಲಿಯ ಬ್ರೆಡ್ಡು ನಮ್ಮ ಮನೆಯದರ ಕಾಲ ಧೂಳಿಗೂ ಸಮವಿಲ್ಲ ಎಂದು ಹೇಳು. ಖುಷಿಪಡುತ್ತಾನೆ.

ನಿನ್ನ ತಮ್ಮ
ವಾಸಿಲ್


ಕೆಸ್ಲರ್, ಪೆನ್ಸಿಲ್ವೇನಿಯ
24 ಅಕ್ಟೋಬರ್ 1954

ವಾಸಿಲ್,

ಇವತ್ತು ಚರ್ಚಿನಿಂದ ಬಂದವನೇ ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕೂತ. ಆಟ ಮುಗಿಯುವವರೆಗೆ ಅಲ್ಲಾಡಲಿಲ್ಲ. ಆಮೇಲೆ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದ. "ಒಂದ್ಸಲಾನೂ ಇವನ ಹೆಸರು ಹೇಳ್ಲಿಲ್ವಲ್ಲೇ. ಕೆಲಸಕ್ಕೆ ಹೋಗಿದಾನೋ ಇಲ್ವೋ?"

ನೀನು ಬರೆದದ್ದನ್ನು ಇನ್ನೊಮ್ಮೆ ಓದಿ ಹೇಳಿದೆ. ಮೀಸೆ ಸವರಿಕೊಂಡು ಯೋಚಿಸಿದ. "ಹಾಗಾದ್ರೆ ಗಣಿ ಕೆಲಸಾನೇ ಬಿಡು. ಇವನು ಸುರಂಗ ತೋಡ್ತಾನೆ, ಇನ್ಯಾವನೋ ಕಲ್ಲಿದ್ದಲು ಹೊತ್ಕೊಂಡು ಹೋಗ್ತಾನೆ." ಆಗ ಸಮಾಧಾನವಾಯಿತು. ಈಗ ಕ್ಲಬ್ಬಿನಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದಾನಂತೆ, "ನನ್ನ ಮಗ ಶಿಕಾಗೊದಲ್ಲಿ ನೆಲದ ಮೇಲಿನ ಗಣೀಲಿದಾನೆ" ಅಂತ.

ನಾನು ಶಾಲೆಯ ಅಡುಗೆಮನೆಯಲ್ಲೇ ಇದ್ದೇನೆ. ನಮ್ಮ ಹುಡುಗರು ಈ ವರ್ಷವೂ ನದಿಯಾಚೆಯ ಅಮಿಟಿಯವರ ಕೈಲಿ ಸೋತರು. ಮಾರನೆಯ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅವರ ಕೋಚ್ ಪೆಟ್ಟಿಬೋನ್ ಎಂಬುವನು ದೊಡ್ಡ ಕಿಲಾಡಿಯಂತೆ.

ಇನ್ನೇನು? ಸೇತುವೆಗೆ ಹಸಿರು ಬಣ್ಣ ಹೊಡೆಯುತ್ತಿದ್ದಾರೆ. ಆ ಕೆಲಸದವರೆಲ್ಲ ಶುಕ್ರವಾರ ಚರ್ಚಿನ ಊಟಕ್ಕೆ ಬರುತ್ತಾರೆ. ಡುಲೂತ್ ಊರಿನವನೊಬ್ಬನಿಗೆ ಪಿರೋಹಿ ಬಡಿಸಿ ಬಡಿಸಿ ನನ್ನ ಕೈ ಸೋತಿತು. ಆಲೂಗಡ್ಡೆ ತುಂಬಿದ ಕಡುಬು ಅವನು ಜನ್ಮದಲ್ಲಿ ಕಂಡಿರಲಿಲ್ಲವಂತೆ.

ಪರಾಸ್ಕ


ಶಿಕಾಗೊ
2 ಡಿಸೆಂಬರ್ 1956

ಅಕ್ಕ,

ಬರೆಯುವುದು ತಡವಾಯಿತು. ಇಲ್ಲಿ ಎಲ್ಲ ಚೆನ್ನಾಗಿದೆ. ಚಳಿ ಜೋರು. ಸರೋವರದ ಕಡೆಯಿಂದ ಗಾಳಿ ಬೀಸಿದರೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆ, ಚಿಂತೆ ಮಾಡುವಂಥದ್ದಲ್ಲ. ಆಟದ ಬಗ್ಗೆ ಬರೆಯಲು ಹೊಸದೇನೂ ಇಲ್ಲ. ಊಟಕ್ಕೆ ತೊಂದರೆಯಿಲ್ಲ, ಮಾಂಸವಂತೂ ಬೇಕಾದಷ್ಟು.

ಈ ಸಲ ಕ್ರಿಸ್‌ಮಸ್‌ಗೆ ಬರುವುದು ಕಷ್ಟ. ಅಪ್ಪನಿಗೆ ದಪ್ಪ ಅಂಗಿಯೊಂದನ್ನು ಕಳಿಸಿದ್ದೇನೆ.

ವಾಸಿಲ್


ಕೆಸ್ಲರ್
10 ಜನವರಿ 1957

ವಾಸಿಲ್,

ಜನವರಿ ಏಳಕ್ಕೆ ನಮ್ಮ ಕ್ರಿಸ್‌ಮಸ್ ಮುಗಿಯಿತು. ಅಂಗಿ ಅಪ್ಪನಿಗೆ ಹೇಳಿ ಹೊಲಿಸಿದ ಹಾಗಿದೆ. ಪೊಟ್ಟಣ ಬಿಚ್ಚಿದಾಗ ಹೊಗೆಯಲ್ಲಿಟ್ಟ ಹಂದಿಮಾಂಸದ ವಾಸನೆ ಮನೆಯೆಲ್ಲ ತುಂಬಿತು. ಅಪ್ಪ ಮೂಸಿ ನೋಡಿ "ಆಹಾ" ಅಂದ. 

ಸೋಮವಾರದ ಪತ್ರಿಕೆಯಲ್ಲಿ ಆಡಿದವರ ಹೆಸರು ಹಾಕುತ್ತಾರೆ, ನಿನಗೆ ಗೊತ್ತು. ಅಕ್ಟೋಬರ್‌ನಿಂದ ನಿನ್ನ ಹೆಸರಿಲ್ಲ. ನೀನಾಗಿ ಹೇಳುತ್ತೀಯೇನೋ ಎಂದು ಕಾದೆ. ಈಗ ಯಾವ ಮಾಂಸದ ಕಾರ್ಖಾನೆಯಲ್ಲಿದ್ದೀಯ ಎಂದು ನಾನು ಕೇಳುವುದಿಲ್ಲ. ನಾಚಿಕೆಯ ಕೆಲಸವೇನಲ್ಲ ಅದು, ಆದರೆ ಊರಲ್ಲಿ ಕೆಲಸವಿದೆ.

ನಮ್ಮ ಶಾಲೆಯ ಮುದುಕ ಟಾಲಿವರ್ ಬೇಸಿಗೆಗೆ ಕೋಚ್ ಕೆಲಸ ಬಿಡುತ್ತಾನಂತೆ. ಶಾಲೆಯ ಮೇಲಧಿಕಾರಿ ತಟ್ಟೆ ಹಿಡಿದು ನನ್ನ ಮುಂದೆ ಬಂದಾಗ ನಿನ್ನ ಹೆಸರೆತ್ತಿದೆ.

"ಶಿಕಾಗೊದಲ್ಲಿ ಆಡಿದವನು ಇಲ್ಲಿಗ್ಯಾಕಮ್ಮ ಬರ್ತಾನೆ?" ಅಂದರು.

"ಕೇಳಿದ್ರೆ ತಾನೇ ಗೊತ್ತಾಗೋದು?" ಎಂದು ಇನ್ನೊಂದು ಸೌಟು ಸಾರು ಹಾಕಿದೆ.

ಕೇಳುತ್ತಾರಂತೆ. ಅಪ್ಪನಿಗೆ ಈಗ ಮಹಡಿ ಹತ್ತಿದರೆ ಏದುಸಿರು. ನೀನು ಮನೆಯಲ್ಲಿದ್ದರೆ ಅವನಿಗೆ ಧೈರ್ಯ. ಬಾ.

ಪರಾಸ್ಕ


ಶಿಕಾಗೊ
3 ಫೆಬ್ರವರಿ 1957

ಅಕ್ಕ,

ನಿನ್ನ ಪತ್ರ ಬಂದ ಮೇಲೆ ಎರಡು ವಾರ ಸಿಟ್ಟು ಮಾಡಿಕೊಂಡಿದ್ದೆ. ಯಾರ ಮೇಲೆ ಎಂದು ಗೊತ್ತಾಗದೆ ಬೇಜಾರಾಗಿ ಬಿಟ್ಟೆ.

ಮೂರನೆಯ ಆಟದಲ್ಲಿ ನಮ್ಮವನೇ ಒಬ್ಬ ನನ್ನ ಕಾಲ ಮೇಲೆ ಬಿದ್ದ. ಮೊಣಕಾಲು ಹೋಗಬಾರದ ಕಡೆಗೆ ಹೋಯಿತು. ಡಾಕ್ಟರು ನಡೆಯಬಹುದು ಅಂದರು, ಓಡಬಹುದು ಅನ್ನಲಿಲ್ಲ. ಆಮೇಲಿಂದ ಹಂದಿ ತೊಡೆಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದೇನೆ. ಜೊತೆಯವರು ಒಳ್ಳೆಯವರು. ನಾನು ಯಾರೆಂದು ಅವರಿಗೆ ಹೇಳಿಲ್ಲ. ಹೇಳಿದರೂ ಗಾರ್ಡ್ ಹೆಸರು ಯಾರಿಗೆ ನೆನಪಿರುತ್ತದೆ?

ಮೇಲಧಿಕಾರಿಗೆ ಒಪ್ಪಿಗೆ ಬರೆದಿದ್ದೇನೆ. ಮುಖ್ಯವಾಗಿ ನಿನಗೋಸ್ಕರ ಬರುತ್ತಿದ್ದೇನೆ ಅಕ್ಕ. ಅಮ್ಮ ಹೋದ ಮೇಲೆ ಇಷ್ಟು ವರ್ಷ ಮನೆಯನ್ನೂ ಅಪ್ಪನನ್ನೂ ಒಬ್ಬಳೇ ನೋಡಿಕೊಂಡೆ. ನಾನು ಬಂದ ಮೇಲೆ ನೀನು ಆರಾಮವಾಗಿ ಕೂತಿರಬೇಕು.

ವಾಸಿಲ್


ಡುಲೂತ್, ಮಿನೆಸೋಟ
20 ಆಗಸ್ಟ್ 1957

ವಾಸಿಲ್,

ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ನನ್ನ ಮದುವೆಯ ದಿನ ಬಾಯಿ ಬಿಟ್ಟುಕೊಂಡು ನಿಂತಿದ್ದೆಯಲ್ಲ, ಇನ್ನೂ ಹಾಗೇ ನಿಂತಿದ್ದೆ. ಮುಚ್ಚಿಕೊಂಡೆ ತಾನೇ?

ಗಲಾಟೆಯಲ್ಲಿ ನಿನ್ನ ಹತ್ತಿರ ಕೂತು ಮಾತಾಡಲು ಆಗಲಿಲ್ಲ. ಆ ವರ್ಷ ಪಿರೋಹಿ ತಿಂದು, ಸೇತುವೆಯ ಕೆಲಸ ಮುಗಿಸಿ ಊರಿಗೆ ಹೋದ ಮೇಲೂ ಆರ್ವಿಡ್ ಬರೆಯುತ್ತಲೇ ಇದ್ದ. ಪ್ರತಿ ವಸಂತಕ್ಕೆ ಒಂದು ಕಾರ್ಡು, ಅದರಲ್ಲಿ ಒಂದೇ ಮಾತು: "ಈಗ?" ನಾನು "ಇನ್ನೂ ಇಲ್ಲ" ಎಂದು ಬರೆಯುತ್ತಿದ್ದೆ. ಅಪ್ಪನನ್ನು ಬಿಟ್ಟು ಹೋಗುವ ಹಾಗಿರಲಿಲ್ಲ, ಅಪ್ಪ ನಮ್ಮೂರಿನ ಆ ಬೆಟ್ಟ ಬಿಟ್ಟು ಬರುವವನಲ್ಲ. ನೀನು ಬರುತ್ತೇನೆ ಎಂದು ಬರೆದ ದಿನ ಅವನಿಗೆ ಬರೆದೆ: "ಈಗ."

ನಿನಗೆ ಮೊದಲೇ ಯಾಕೆ ಹೇಳಲಿಲ್ಲವೆಂದು ನಿನ್ನ ಮುಖ ಕೇಳುತ್ತಿತ್ತು. ಹೇಳಿದ್ದರೆ ತ್ಯಾಗ ಮಾಡಿದವನ ಮುಖ ಹೊತ್ತುಕೊಂಡು ಬರುತ್ತಿದ್ದೆ. ಆ ಮುಖ ನೋಡಿಕೊಂಡು ಅಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ಆರಾಮವಾಗಿ ಕೂತಿರು ಅಂದೆಯಲ್ಲ, ಕೂತಿದ್ದೇನೆ. ಕಿಟಕಿಯಿಂದ ಸರೋವರ ಕಾಣುತ್ತದೆ. ಹಡಗು ಬಂದರೆ ಸೇತುವೆ ಮೇಲಕ್ಕೇಳುತ್ತದೆ. ಅದಕ್ಕೂ ಬಣ್ಣ ಹೊಡೆಯುವವನು ನನ್ನ ಗಂಡನೇ.

ಅಪ್ಪನಿಗೆ ಸಾರಿನಲ್ಲಿ ಮೆಣಸು ಜಾಸ್ತಿ ಹಾಕಬೇಡ.

ಪರಾಸ್ಕ ಲುಂಡೀನ್ (ಬರೆದು ಅಭ್ಯಾಸ ಮಾಡುತ್ತಿದ್ದೇನೆ)


ಕೆಸ್ಲರ್
17 ನವೆಂಬರ್ 1957

ಶ್ರೀಮತಿ ಲುಂಡೀನ್ ಅವರಿಗೆ,

ಬಾಯಿ ಮುಚ್ಚಿಕೊಂಡೆ. ಮುಚ್ಚಲು ಎರಡು ದಿನ ಬೇಕಾಯಿತು. ಆರ್ವಿಡ್ ಭಾವ ಒಳ್ಳೆಯವನು, ಮಾತು ಕಡಿಮೆ. ನಿನಗೆ ಅಂಥವನೇ ಬೇಕಿತ್ತು.

ಈ ವರ್ಷ ಒಂದೇ ಆಟ ಗೆದ್ದೆವು. ಅದೂ ಎದುರಿನವರ ಬಸ್ಸು ಕೆಟ್ಟು ಅರ್ಧ ತಂಡ ತಡವಾಗಿ ಬಂದದ್ದರಿಂದ. ಕ್ಷೌರದವನ ಹತ್ತಿರ ಹೋದರೆ ಕತ್ತಿ ಕತ್ತಿನ ಮೇಲಿಟ್ಟುಕೊಂಡು, "ಕೋಚ್, ಬರೀ ತಳ್ಳೋದ್ರ ಬದ್ಲು ಆಗಾಗ ಚೆಂಡು ಎಸೀಬಾರ್ದಾ?" ಅನ್ನುತ್ತಾನೆ. "ಎಸೀತೀವಿ ಮಾರಾಯ" ಅನ್ನದೆ ಬೇರೆ ದಾರಿಯಿಲ್ಲ. ಹೋದ ಭಾನುವಾರ ಪಾದ್ರಿ ತಾಳ್ಮೆಯ ಬಗ್ಗೆ ಉಪದೇಶ ಮಾಡಿದರು. ಇಡೀ ಚರ್ಚು ನನ್ನ ಕಡೆ ತಿರುಗಿ ನೋಡಿತು.

ಮೊನ್ನೆ ನೀನು ಹೇಳಿಕೊಟ್ಟ ಹಾಗೆ ಎಲೆಕೋಸಿನ ಸುರುಳಿ ಮಾಡಿದೆ. ಅಪ್ಪ ಒಂದು ತಿಂದು ಚಮಚ ಕೆಳಗಿಟ್ಟ. "ಇದಕ್ಕಿಂತ ನಿನ್ನ ತಂಡಾನೇ ವಾಸಿ ಕಣೋ."

ಆದರೂ ಒಂದು ವಿಚಿತ್ರ. ಬೆಳಗ್ಗೆಯಿಂದ ವ್ಯಾಯಾಮದ ಪಾಠ ಮಾಡುತ್ತಾ ಗಡಿಯಾರ ನೋಡುತ್ತಿರುತ್ತೇನೆ. ಶಾಲೆ ಬಿಟ್ಟು, ಮುಂದಿನ ಸಾಲಿನ ದಡಿಯರೆಲ್ಲ ಕೆಸರಿಗೆ ಇಳಿದರೆ, ಮೊಣಕಾಲಿನ ನೋವು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. "ಲೋ, ಬಾಗಿಲು ತಳ್ಳೋ ಹಾಗೆ ತಳ್ಳಬೇಡ, ಕೆಟ್ಟು ನಿಂತ ಕಾರು ತಳ್ಳೋ ಹಾಗೆ ತಳ್ಳು" ಅಂದರೆ ಅವರಿಗೆ ಕೂಡಲೇ ಅರ್ಥವಾಗುತ್ತದೆ. ಎಲ್ಲರ ಮನೆಯಲ್ಲೂ ಅಂಥ ಕಾರುಗಳೇ.

ವಾಸಿಲ್


ಕೆಸ್ಲರ್
5 ನವೆಂಬರ್ 1961

ಅಕ್ಕ! ಅಮಿಟಿಯನ್ನು ಸೋಲಿಸಿದೆವು!

ಶುಕ್ರವಾರ ಆಟ ಮುಗಿದಾಗಿನಿಂದ ಊರಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿಲ್ಲ. ಪಾದ್ರಿಯೂ "ಕೋಚ್" ಅನ್ನುತ್ತಾರೆ. ಕ್ಷೌರ ಪುಕ್ಕಟೆ. ಅಪ್ಪ ಕ್ಲಬ್ಬಿನಲ್ಲಿ ಕುರ್ಚಿ ಹತ್ತಿ ನಿಂತನಂತೆ, ಇಳಿಸಲು ಇಬ್ಬರು ಬೇಕಾಯಿತು.

ಪೆಟ್ಟಿಬೋನ್ ಮೈದಾನ ದಾಟಿ ಬಂದು ಕೈ ಕುಲುಕಿದ. "ನಿನ್ನ ಗಾರ್ಡ್‌ಗಳು ನಮ್ಮ ಹುಡುಗರನ್ನ ನದಿವರೆಗೂ ತಳ್ಕೊಂಡು ಹೋದ್ರಲ್ಲಯ್ಯಾ!" ಅಂದ. ಅವನಿಗೆ ನನಗಿಂತ ಇಪ್ಪತ್ತು ವರ್ಷ ಹೆಚ್ಚು, ಸೋತ ಮುಖದಲ್ಲೂ ತಮಾಷೆ.

ನಿನಗೆ ಮಾತ್ರ ಹೇಳುತ್ತೇನೆ. ಅರ್ಧ ಆಟ ಆದ ಮೇಲೆ ಅವನು ಏನೋ ಬದಲಾಯಿಸಿದ. ಇದ್ದಕ್ಕಿದ್ದಂತೆ ಅವರು ಎಲ್ಲ ಕಡೆಯೂ ಇದ್ದರು. ಏನು ಮಾಡಿದ ಎಂದು ನನಗೆ ಹೊಳೆಯಲೇ ಇಲ್ಲ. ಸಮಯ ಮುಗಿದದ್ದರಿಂದ ಬಚಾವಾದೆವು.

ವಾಸಿಲ್


ಕೆಸ್ಲರ್
20 ಮಾರ್ಚ್ 1966

ಅಕ್ಕ,

ನಮ್ಮ ಶಾಲೆಯನ್ನೂ ಅಮಿಟಿಯ ಶಾಲೆಯನ್ನೂ ಸೇರಿಸುವುದು ನಿಕ್ಕಿಯಾಯಿತು. ಗಣಿಗಳು ಮುಚ್ಚಿ ಎರಡು ಕಡೆಯೂ ಮಕ್ಕಳು ಕಡಿಮೆ. ಸೆಪ್ಟೆಂಬರ್‌ನಿಂದ ಒಂದೇ ಶಾಲೆ, ಒಂದೇ ತಂಡ. ಎರಡೂ ಊರಿನ ಹೆಂಗಸರು ಬಾವುಟದ ಬಣ್ಣಕ್ಕೆ ಜಗಳವಾಡುತ್ತಿದ್ದಾರೆ.

ಮುಖ್ಯ ಕೋಚ್ ಆಗು ಎಂದು ನನ್ನನ್ನು ಕೇಳಿದರು. ಒಲ್ಲೆ ಅಂದೆ. ಪೆಟ್ಟಿಬೋನ್ ಆಗುತ್ತಾನೆ. ನಾನು ಮುಂದಿನ ಸಾಲನ್ನು ನೋಡಿಕೊಳ್ಳುತ್ತೇನೆ. ಎಲ್ಲ ಚೆನ್ನಾಗಿದೆ.

ಅಪ್ಪನಿಗೆ ಹೊಸ ಔಷಧಿ ಹಿಡಿಸಿದೆ.

ವಾಸಿಲ್


ಡುಲೂತ್
2 ಏಪ್ರಿಲ್ 1966

ಲೋ ವಾಸಿಲ್,

ಎಲ್ಲ ಚೆನ್ನಾಗಿದೆಯೇ? ಹಂದಿ ತೊಡೆ ನೇತುಹಾಕುತ್ತಾ ನೀನು ಬರೆದದ್ದೂ ಇದೇ ಮಾತು!

ಒಂಬತ್ತು ವರ್ಷ ಆ ಕೆಸರಲ್ಲಿ ಬಿದ್ದು ಎದ್ದು ತಂಡ ಕಟ್ಟಿದವನು ನೀನು. ಈಗ ತಟ್ಟೆಗೆ ಬಡಿಸಿದ್ದನ್ನು ಪಕ್ಕದವನ ಕಡೆ ಸರಿಸಿ ಕೂತಿದ್ದೀಯ. ಅದೂ ಯಾರ ಕಡೆಗೆ? ಅಮಿಟಿಯವನ ಕಡೆಗೆ! ಅವನು ಬಂದು ಏನು ಗೋಳಾಡಿದ? ಇಲ್ಲವೇ, ದೊಡ್ಡ ತಂಡ ಎಂದು ನಿನಗೇ ಹೆದರಿಕೆಯಾಯಿತೋ? ಆ ತಿಂಡಿ ಮೇಜಿನ ಮನುಷ್ಯ ಮತ್ತೆ ಬಂದು ಭುಜ ತಟ್ಟುತ್ತಾನೆಂದು ನೀನಾಗಿಯೇ ಎದ್ದುಬಿಟ್ಟೆಯೋ?

ನಾನು ಸೌಟು ಹಿಡಿದು ನಿನಗೆ ಆ ಕೆಲಸ ಕೇಳಿದವಳು. ಕಾರಣ ತಿಳಿಯುವ ಹಕ್ಕು ನನಗಿದೆ. ಆರ್ವಿಡ್ ಇದನ್ನು ಕಳಿಸಬೇಡ ಅನ್ನುತ್ತಿದ್ದಾನೆ. ಕಳಿಸುತ್ತಿದ್ದೇನೆ.

ಪರಾಸ್ಕ


ಕೆಸ್ಲರ್
8 ಮೇ 1966

ಅಕ್ಕ,

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. "ಇವಳನ್ನ ಕೋಚ್ ಮಾಡ್ಬೇಕಿತ್ತು" ಅಂದ.

ನಡೆದದ್ದು ಹೀಗೆ. ಮೇಲಧಿಕಾರಿ ಕರೆದು "ಕೆಲಸ ನಿಂದೇ ವಾಸಿಲ್" ಅಂದರು. "ಮತ್ತೆ ಪೆಟ್ಟಿಬೋನ್?" ಎಂದು ಕೇಳಿದೆ. "ಅವರು ಮಕ್ಕಳಿಗೆ ಕಾರು ಓಡಿಸೋದು ಹೇಳ್ಕೊಡ್ತಾರೆ" ಅಂದರು. ಯೋಚಿಸಿ ಹೇಳುತ್ತೇನೆ ಎಂದು ನೀರು ಕುಡಿಯಲು ಹೊರಗೆ ಬಂದೆ. ಪೆಟ್ಟಿಬೋನ್ ಅಲ್ಲೇ ಬೆಂಚಿನ ಮೇಲೆ ಟೋಪಿ ಹಿಡಿದು ಕೂತಿದ್ದ. ಅವನಿಗೂ ಅದೇ ಹೊತ್ತಿಗೆ ಬರಹೇಳಿದ್ದರು. ನನ್ನ ಮುಖ ನೋಡಿಯೇ ವಿಷಯ ತಿಳಿದ.

"ಒಳ್ಳೇದಾಯ್ತು ಕಣಯ್ಯಾ," ಅಂದ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಚೆಂಡು ಎಸೆಯೋ ನಮ್ಮ ಕ್ವಾರ್ಟರ್‌ಬ್ಯಾಕ್ ಎಡಚ. ಅವನನ್ನ ಎಡಗಡೆಗೇ ಓಡಿಸು. ಆಗ ನಿನ್ನ ಗಾರ್ಡ್‌ಗಳು..." ಎಂದು ಎದ್ದು ಕಿಟಕಿಯ ಗಾಜಿನ ಧೂಳಿನಲ್ಲಿ ಬೆರಳಿಂದ ಗೆರೆ ಎಳೆಯತೊಡಗಿದ. ನನ್ನ ಹುಡುಗರು, ಅವನ ಹುಡುಗರು, ಒಬ್ಬೊಬ್ಬನ ಹೆಸರು ಹಿಡಿದು ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿದ. ತನ್ನದಲ್ಲದ ತಂಡಕ್ಕೆ! ನಾನು ನೀರು ಮರೆತು ನೋಡುತ್ತ ನಿಂತೆ. ಆ ಗಾಜಿನ ಮೇಲೆ ಇಡೀ ಮೈದಾನ ಇತ್ತು. ಅಕ್ಕ, ನಾನು ಇಷ್ಟು ವರ್ಷ ಮೈದಾನ ನೋಡಿದ್ದು ಮೊಣಕಾಲಿನ ಎತ್ತರದಿಂದ. ನನ್ನ ಸಾಲು ಚೆನ್ನಾಗಿ ತಳ್ಳಿದರೆ ಗೆದ್ದೆ, ತಳ್ಳದಿದ್ದರೆ ಸೋತೆ. ಹಿಂದೆ ಚೆಂಡು ಏನಾಗುತ್ತಿದೆ ಎಂದು ನನಗೆ ಎಂದೂ ಕುತೂಹಲವಿರಲಿಲ್ಲ.

ಒಳಗೆ ಹೋಗಿ, ಅವನು ಮುಖ್ಯ ಕೋಚ್ ಆದರೆ ನಾನು ಸಾಲನ್ನು ನೋಡಿಕೊಳ್ಳುತ್ತೇನೆ ಅಂದೆ. ಮೇಲಧಿಕಾರಿ ನಾನು ಚೌಕಾಸಿ ಮಾಡುತ್ತಿದ್ದೇನೆ ಅಂದುಕೊಂಡರು.

ಹೆದರಿಕೆ ಏನಿಲ್ಲ. ಮತ್ತೆ, ಅವನನ್ನು ಕಳಿಸಿದ್ದರೆ ಅಮಿಟಿಯ ಹುಡುಗರು ಒಬ್ಬರೂ ಬರುತ್ತಿರಲಿಲ್ಲ. ಇದು ಎರಡನೆಯ ಕಾರಣ, ಮೊದಲನೆಯದಲ್ಲ. ನೀನು ನಂಬುವುದಿಲ್ಲ, ಗೊತ್ತು. ಅಕ್ಟೋಬರ್‌ನಲ್ಲಿ ಬಂದು ನೋಡು.

ವಾಸಿಲ್


ಡುಲೂತ್
23 ಅಕ್ಟೋಬರ್ 1966

ಪ್ರೀತಿಯ ವಾಸಿಲ್,

ಸುಖವಾಗಿ ತಲುಪಿದೆವು. ಮೂರು ದಿನದ ದಾರಿಯುದ್ದಕ್ಕೂ ಆರ್ವಿಡ್ ಆ ಪಂದ್ಯದ ಮಾತೇ ಆಡುತ್ತಿದ್ದ. ಮಾತೇ ಆಡದ ಮನುಷ್ಯ! ಕೆಸ್ಲರ್‌ನವರು ಒಂದು ಕಡೆ, ಅಮಿಟಿಯವರು ಇನ್ನೊಂದು ಕಡೆ ಬಿಗಿದುಕೊಂಡು ಕೂತಿದ್ದರು. ಎಡಚ ಹುಡುಗ ನಿಮ್ಮವರ ಹಿಂದೆ ನುಗ್ಗಿ ಗೆರೆ ದಾಟಿದಾಗ ಎಲ್ಲರೂ ಒಟ್ಟಿಗೆ ಎದ್ದು ಕೂಗಿ, ಕೂಗಿದ್ದಕ್ಕೆ ನಾಚಿಕೊಂಡು ಕೂತರು. ಅಪ್ಪನಂತೂ ಅಮಿಟಿಯ ಮುದುಕಿಯೊಬ್ಬಳ ಕಂಬಳಿಯೊಳಗೆ ಅರ್ಧ ಸೇರಿಕೊಂಡಿದ್ದ. ನೀನು ನೋಡಿರಲಿಕ್ಕಿಲ್ಲ. ಚಳಿಯಂತೆ!

ನಿನಗೆ ಹೇಳದ ಒಂದು ವಿಷಯವಿದೆ. ನಾವು ಶುಕ್ರವಾರ ಬೆಳಗ್ಗೆ ಬಂದೆವು ಎಂದು ನೀನು ತಿಳಿದಿದ್ದೀಯ. ಗುರುವಾರ ಮಧ್ಯಾಹ್ನವೇ ಬಂದಿದ್ದೆವು. ನೀನು ಮೇ ತಿಂಗಳಲ್ಲಿ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ನಂಬಿರಲಿಲ್ಲ. ಆ ಪೆಟ್ಟಿಬೋನ್‌ಗೆ ನಾಲ್ಕು ಜನರ ಮುಂದೆ ಹೇಳಲೆಂದು ಒಂದು ಭಾಷಣ ಕಟ್ಟಿಕೊಂಡಿದ್ದೆ. ವಿಸ್ಕಾನ್ಸಿನ್ ದಾಟುವಾಗ ಶುರುಮಾಡಿದ್ದು, ಓಹಾಯೊ ತಲುಪುವ ಹೊತ್ತಿಗೆ ಆರ್ವಿಡ್‌ಗೂ ಬಾಯಿಪಾಠವಾಗಿತ್ತು. ನಾನು ತಪ್ಪಿದರೆ ತಿದ್ದುತ್ತಿದ್ದ.

ಮನೆಗೆ ಹೋಗದೆ ನೇರವಾಗಿ ಮೈದಾನದ ಬೇಲಿಯ ಹತ್ತಿರ ಕಾರು ನಿಲ್ಲಿಸಿದೆವು. ಆಚೆ ತುದಿಯಲ್ಲಿ ನಿನ್ನ ದಡಿಯರ ಗುಂಪು. ಯಾವನು ಯಾವ ಊರಿನವನು ಎಂದು ಹೇಳುವ ಹಾಗಿರಲಿಲ್ಲ, ಎಲ್ಲರ ಮೇಲೂ ಒಂದೇ ಕೆಸರು. ನಡುವೆ ಯಾರೋ ಕೈಯೂರಿ ಬಗ್ಗಿ ನಿಂತಿದ್ದ. ಒಬ್ಬ ಹುಡುಗ ನುಗ್ಗಿ ಅವನನ್ನು ಅಂಗಾತ ಕೆಡವಿದ.  ಆಮೇಲೆ ಆ ಬಿದ್ದವನು ನಗತೊಡಗಿದ. ಆಕಾಶ ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು, ಮೈದಾನದ ಈ ತುದಿಗೂ ಕೇಳುವ ಹಾಗೆ.

"ಯಾರದು ಹಾಗೆ ನಗ್ತಿರೋದು?" ಎಂದು ಆರ್ವಿಡ್‌ನನ್ನು ಕೇಳಿದೆ.

"ನಿನ್ನ ತಮ್ಮ ಅಲ್ವೇನೇ?" ಅಂದ.

ನನಗೆ ಗೊತ್ತಾಗಲಿಲ್ಲ ವಾಸಿಲ್. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಆ ನಗು ನನಗೆ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ಬಿಳಿ ಕೂದಲಿನವನೊಬ್ಬ ಬೇಲಿಯ ಹತ್ತಿರ ಬಂದ. ಅವನೇ ಪೆಟ್ಟಿಬೋನ್. "ಏನಮ್ಮಾ, ಯಾರನ್ನಾದ್ರೂ ನೋಡ್ಬೇಕಿತ್ತಾ?"

ಭಾಷಣ ನಾಲಿಗೆಯ ತುದಿಯಲ್ಲಿತ್ತು. "ಇಲ್ಲಪ್ಪ, ದಾರೀಲಿ ಹೋಗ್ತಿದ್ವಿ, ಸುಮ್ನೆ ನಿಂತ್ವಿ" ಅಂದೆ.

"ನೋಡಿ ನೋಡಿ," ಎಂದು ನಿನ್ನ ಕಡೆ ಕೈ ತೋರಿಸಿದ. "ಹೆಸರಿಗೆ ನಾನು ಮುಖ್ಯ ಕೋಚು. ದಿನಾ ಸಂಜೆ ಅಲ್ಲಿಗೆ ಹೋಗಿ ಬೇಡ್ಕೋಬೇಕು, ಹುಡುಗರನ್ನ ವಾಪಸ್ ಕೊಡಪ್ಪಾ ಅಂತ." ಹಾಗೆಂದು ನಿನ್ನ ಕಡೆಗೆ ಬೇಡಿಕೊಳ್ಳಲು ಹೊರಟ.

ನಾವು ಹೆದ್ದಾರಿಯ ಪಕ್ಕದ ವಸತಿಗೃಹಕ್ಕೆ ತಿರುಗಿದೆವು. ಸುಮಾರು ದೂರ ಹೋದ ಮೇಲೆ ಆರ್ವಿಡ್ ಕೇಳಿದ, "ಅಲ್ವೇ, ಮತ್ತೆ ಭಾಷಣ?"

"ನುಂಗ್ಬಿಟ್ಟೆ," ಅಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೇಗಿತ್ತು ರುಚಿ?"

"ಚೆನ್ನಾಗೇ ಇತ್ತು ಕಣ್ರೀ," ಅಂದೆ.

ನಿನ್ನ ಅಕ್ಕ
ಪರಾಸ್ಕ